ಗಾಂಧಿಗ್ರಾಮದ ಡಾ. ಸೌಂದರಂ

ಪೆರಿಯಕುಳಂನಿಂದ ದಿಂಡಿಗಲ್ಲಿಗೆ ಹೊರಡುವ ಬಸ್ಸು ದೇವದಾನಪಟ್ಟಿ, ವತ್ತಲಗುಂಡು, ಸೆಂಪಟ್ಟಿಗಳ ಮೂಲಕ ಸಾಗುತ್ತದೆ. ಎಡಗಡೆಗೆ ಕೊಡೈಕಾನಲ್ ಬೆಟ್ಟಗಳ ಸಾಲು, ಎದುರಿಗೆ ಸಿರುಮಲೈ. ಈ ಸೀಮೆಯಲ್ಲಿ ಕನ್ನಡ ಹೊರಗಿನ ಭಾಷೆಯೇನಲ್ಲ. ಕಂಬಂ, ಬೋಡಿನಾಯಕನೂರುಗಳ ಒಕ್ಕಲಿಗರ ಮನೆಗಳಲ್ಲಿಯೂ ಚಿನ್ನಾಳಪಟ್ಟಿಯ ದೇವಾಂಗರ ಮಗ್ಗದ ಮನೆಗಳಲ್ಲಿಯೂ ಅದು ಲಿಪಿಯ ಆಸರೆಯಿಲ್ಲದೆ, ಬಾಯಿಂದ ಬಾಯಿಗೆ ಉಳಿದು ಬಂದಿದೆ. ದೇವರ ದಾಸಿಮಯ್ಯನನ್ನು ತಮ್ಮವನೆಂದು ಎಣಿಸುವ ಸಮುದಾಯದವರು ಆ ನೇಕಾರರು. ಅವರ ಊರಿಗೆ ಅಂಟಿಕೊಂಡಂತೆಯೇ, ಸಿರುಮಲೈಯ ತಪ್ಪಲಿನಲ್ಲಿ ಗಾಂಧಿಗ್ರಾಮವಿದೆ. ಇಂದು ಅಲ್ಲಿ ವಿಶ್ವವಿದ್ಯಾಲಯ, ಆಸ್ಪತ್ರೆ, ಶಾಲೆ, ಖಾದಿ ಕೇಂದ್ರಗಳೆಲ್ಲ ಕಾಣಸಿಗುತ್ತವೆ. 1947ರಲ್ಲಿ ಇದ್ದುದು ಬಯಲು ನೆಲ. ಆ ನೆಲವನ್ನು ನಂಬಿ ಬಂದ ಒಬ್ಬ ವೈದ್ಯೆ, ಅವರ ಪತಿ ಮತ್ತು ಕೆಲವೇ ಜೊತೆಗಾರರು. ಆ ವೈದ್ಯೆಯೇ ಡಾ. ಟಿ. ಎಸ್. ಸೌಂದರಂ.

ಸೌಂದರಂ ಅವರು ಹುಟ್ಟಿದ್ದು 1904ರ ಆಗಸ್ಟ್ 18ರಂದು, ತಿರುನೆಲ್ವೇಲಿ ಸೀಮೆಯ ತಿರುಕ್ಕುರುಂಗುಡಿಯಲ್ಲಿ. ತಂದೆ ಟಿ. ವಿ. ಸುಂದರಂ ಅಯ್ಯಂಗಾರ್ಯರು 1911ರಲ್ಲಿ ಮಧುರೆಯಲ್ಲಿ ವಾಹನೋದ್ಯಮವನ್ನು ಆರಂಭಿಸಿದವರು, ಟಿ. ವಿ. ಎಸ್. ಎಂಬ ಮೂರಕ್ಷರಗಳು ಅವರವೇ. ಸಂಪನ್ನ ಕುಟುಂಬ, ಸಂಪ್ರದಾಯನಿಷ್ಠ ಶ್ರೀವೈಷ್ಣವ ಮನೆತನ. ಅಂದಿನ ರೂಢಿಯಂತೆ ಬಾಲ್ಯದಲ್ಲಿಯೇ, 1918ರಲ್ಲಿ, ಮಗಳ ವಿವಾಹವಾಯಿತು. ಪತಿ ಸೌಂದರರಾಜನ್ ವೈದ್ಯರಾಗಿದ್ದರು. ಮಧುರೆಯಲ್ಲಿ ಪ್ಲೇಗು ಹಬ್ಬಿದಾಗ ರೋಗಿಗಳ ಶುಶ್ರೂಷೆಯಲ್ಲಿ ನಿರತರಾಗಿದ್ದ ಆತ ತಾವೇ ಸೋಂಕಿಗೆ ತುತ್ತಾಗಿ 1925ರಲ್ಲಿ ತೀರಿಕೊಂಡರು. ಹೆಂಡತಿ ವಿಧವೆಯ ಕೋಣೆಯಲ್ಲಿ ಬಾಡಬಾರದು, ಓದಿ ವೈದ್ಯೆಯಾಗಬೇಕು, ಮರುಮದುವೆಯನ್ನೂ ಮಾಡಿಕೊಳ್ಳಬೇಕು ಎಂಬುದು ಅವರ ಕೊನೆಯ ಇಚ್ಛೆಯಾಗಿತ್ತೆಂದು ಅವರ ಬದುಕನ್ನು ಬಲ್ಲವರು ಬರೆದಿದ್ದಾರೆ.

ಇಪ್ಪತ್ತೊಂದು ತುಂಬುವ ವಯಸ್ಸಿನಲ್ಲಿ ವೈಧವ್ಯ. ಆ ಕಾಲದ ಮಧುರೆಯಲ್ಲಿ ಅದರ ಅರ್ಥವೇನೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಇಂದಿರಾಬಾಯಿ ಕಾದಂಬರಿಯನ್ನು ಓದಿದ ನಮ್ಮ ವಿದ್ಯಾರ್ಥಿಗಳಿಗೆ ಅದು ತಿಳಿದ ಸಂಗತಿ. ಕಾದಂಬರಿಯಲ್ಲಿ ಕಂಡದ್ದನ್ನು ಸೌಂದರಂ ಅವರು ಬದುಕಿನಲ್ಲಿ ದಾಟಿದರು, ಮತ್ತು ದಾಟುವುದಕ್ಕೆ ಹೆತ್ತವರೇ ನೆರವಾದರು ಎಂಬುದು ಗಮನಿಸತಕ್ಕ ಮಾತು. ಅವರನ್ನು ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿಗೆ ಕಳುಹಿಸಲಾಯಿತು. ಅಲ್ಲಿ ಸುಶೀಲಾ ನಯ್ಯರ್ ಅವರ ಗೆಳೆತನ, ಅದರ ಮೂಲಕ ಗಾಂಧೀಜಿಯವರ ಪರಿಚಯ. 1936ರಲ್ಲಿ, ಮೂವತ್ತೆರಡರ ಹೊತ್ತಿಗೆ, ಅವರು ವೈದ್ಯ ಪದವಿಯನ್ನು ಪಡೆದರು.

ಮರುಮದುವೆಯ ಮಾತು ಬಂದಾಗ ಮಾತ್ರ ಮನೆಯವರ ಉದಾರತೆ ಎಲ್ಲೆ ಮುಟ್ಟಿತು. ಹರಿಜನ ಸೇವೆಯ ಕಾರ್ಯಕರ್ತರಾಗಿದ್ದ ಜಿ. ರಾಮಚಂದ್ರನ್ ಕೇರಳದ ನಾಯರ್ ಕುಲದವರು. ಶಾಂತಿನಿಕೇತನದಲ್ಲಿ ಓದಿ ಸಾಬರಮತಿಗೆ ಬಂದವರು. ಜಾತಿ ಬೇರೆ, ಭಾಷೆ ಬೇರೆ. ತಂದೆತಾಯಿಗಳು ಒಪ್ಪಲಿಲ್ಲ. ಗಾಂಧೀಜಿ ಇಬ್ಬರನ್ನೂ ಒಂದು ವರ್ಷ ಪರಸ್ಪರ ಸಂಪರ್ಕವಿಲ್ಲದೆ ದೂರವಿರುವಂತೆ ವಿಧಿಸಿದರು. ವರ್ಷ ಕಳೆದ ಮೇಲೂ ಮನಸ್ಸು ಬದಲಾಗದಿದ್ದುದರಿಂದ 1940ರಲ್ಲಿ ಸೇವಾಗ್ರಾಮದಲ್ಲಿ ಅವರ ಸನ್ನಿಧಿಯಲ್ಲಿಯೇ ವಿವಾಹ ನೆರವೇರಿತು. 1942ರ ಚಳುವಳಿಯಲ್ಲಿ ದಂಪತಿಗಳಿಬ್ಬರೂ ಭಾಗವಹಿಸಿದರು.

1944ರ ಫೆಬ್ರವರಿಯಲ್ಲಿ ಕಸ್ತೂರಬಾ ಅವರು ಆಗಾಖಾನ್ ಅರಮನೆಯ ಸೆರೆಯಲ್ಲಿ ನಿಧನರಾದ ಮೇಲೆ ಅವರ ಹೆಸರಿನಲ್ಲಿ ಒಂದು ರಾಷ್ಟ್ರೀಯ ಸ್ಮಾರಕ ನಿಧಿ ಕೂಡಿತು. ಆ ಹಣ ಹಳ್ಳಿಯ ಹೆಂಗಸರು ಮಕ್ಕಳಿಗಾಗಿಯೇ ವ್ಯಯವಾಗಬೇಕು, ಕೆಲಸಗಾರರು ಸ್ತ್ರೀಯರೇ ಆಗಿರಬೇಕು ಎಂಬುದು ಗಾಂಧೀಜಿಯವರ ಆಶಯ. ತಮಿಳುನಾಡಿನಲ್ಲಿ ಆ ಹೊಣೆ ಸೌಂದರಂ ಅವರ ಹೆಗಲಿಗೆ ಬಂದಿತು. 1946ರಲ್ಲಿ ಗಾಂಧೀಜಿ ಹರಿಜನರಿಗೆ ತೆರೆದಿದ್ದ ಮಧುರೆ, ಪಳನಿಗಳ ದೇವಾಲಯಗಳನ್ನು ಕಾಣಲೆಂದು ಈ ದಾರಿಯಲ್ಲಿ ಬಂದಾಗ ಅಂಬಾತುರೈ ರೈಲು ನಿಲ್ದಾಣದಲ್ಲಿ ಸುತ್ತಲಿನ ಜನ ನೆರೆದಿದ್ದರು. ಮರುವರ್ಷ ಅದೇ ನಿಲ್ದಾಣದ ಆಸುಪಾಸಿನಲ್ಲಿಯೇ, ಚಿನ್ನಾಳಪಟ್ಟಿಯ ಜನರು ನೀಡಿದ ನೆಲದಲ್ಲಿ, ಗಾಂಧಿಗ್ರಾಮ ತಲೆಯೆತ್ತಿತು. ಊರವರು ಕೊಟ್ಟ ನೆಲ ಎಂಬುದನ್ನು ಮರೆಯಬಾರದು. ಹೊರಗಿನಿಂದ ಬಂದವರು ಕೊಂಡುಕೊಂಡ ಜಾಗದಲ್ಲಿ ನಡೆಯುವ ಸೇವೆಗೂ ಊರಿನವರು ಕೊಟ್ಟ ಜಾಗದಲ್ಲಿ ನಡೆಯುವ ಕೆಲಸಕ್ಕೂ ಅಂತರವಿದೆ. ಕೊಟ್ಟವರಿಗೆ ಕೇಳುವ ಹಕ್ಕಿರುತ್ತದೆ.

ಆರಂಭ ಬಹು ಸಣ್ಣದು. ಇಂದಿನ ಕಸ್ತೂರಬಾ ಆಸ್ಪತ್ರೆ ಎರಡು ಹಾಸಿಗೆಗಳ ಚಿಕಿತ್ಸಾಲಯವಾಗಿ ಹುಟ್ಟಿತು. ಆದರೆ ರೋಗಿ ತಮ್ಮಲ್ಲಿಗೆ ಬರಲೆಂದು ಕಾದು ಕುಳಿತುಕೊಳ್ಳುವುದು ಸೌಂದರಂ ಅವರ ಪದ್ಧತಿಯಾಗಿರಲಿಲ್ಲ. ಹಳ್ಳಿಯ ಹುಡುಗಿಯರನ್ನೇ, ಅದರಲ್ಲಿಯೂ ವಿಧವೆಯರು ಮತ್ತು ಗಂಡನಿಂದ ದೂರವಾದವರನ್ನು, ಗ್ರಾಮಸೇವಿಕೆಯರಾಗಿ, ಸೂಲಗಿತ್ತಿಯರಾಗಿ, ಬಾಲವಾಡಿಯ ಶಿಕ್ಷಕಿಯರಾಗಿ ತರಬೇತುಗೊಳಿಸಿ ಹಳ್ಳಿಗಳಿಗೆ ಮರಳಿಸುವುದು ಅವರ ಕ್ರಮ. ಈ ಕ್ರಮದ ಪರಿಣಾಮ ಆರೋಗ್ಯದಲ್ಲಿ ಮಾತ್ರ ಕಾಣತಕ್ಕದ್ದಲ್ಲ. ತರಬೇತಿಯ ಶಿಬಿರದಲ್ಲಿ ಎಲ್ಲ ಜಾತಿಯ ಹುಡುಗಿಯರೂ ಒಂದೇ ಅಡುಗೆಮನೆಯಲ್ಲಿ ಬೇಯಿಸಿ ಒಂದೇ ಪಂಕ್ತಿಯಲ್ಲಿ ಉಣ್ಣಬೇಕಾಗಿತ್ತು. ಶೌಚಾಲಯವನ್ನು ಸರದಿಯ ಮೇಲೆ ತೊಳೆಯಬೇಕಾಗಿತ್ತು. ಅದನ್ನು ಕಲಿತ ಹುಡುಗಿ ಊರಿಗೆ ಹಿಂತಿರುಗಿ ಮೇಲಿನ ಕೇರಿಯ ಬಾಣಂತಿಯನ್ನೂ ಕೆಳಗಿನ ಕೇರಿಯ ಬಾಣಂತಿಯನ್ನೂ ಒಂದೇ ದಿನ ಕಂಡು ಬರುವಳು. ಆ ಎರಡು ಮನೆಗಳ ನಡುವೆ ಅದುವರೆಗೆ ಹಾದಿಯೇ ಇರಲಿಲ್ಲ. ಊರಿನ ಬಾವಿಯ ನೀರು ಕೆಟ್ಟಿದೆಯೆಂದು ಹೇಳುವ ಧೈರ್ಯ, ಅದನ್ನು ಸರಿಪಡಿಸಲು ನಾಲ್ಕು ಮಂದಿಯನ್ನು ಸೇರಿಸುವ ಜಾಣ್ಮೆ, ಸೇರಿದವರ ಮುಂದೆ ಖರ್ಚಿನ ಲೆಕ್ಕ ಹೇಳುವ ಶಿಸ್ತು ಇವು ಅಂಥ ಹೆಂಗಸಿನ ಕೆಲಸದೊಳಗೇ ಅಡಗಿದ್ದುವು. ಪ್ರಜಾಪ್ರಭುತ್ವ ಎಂಬ ಪದವನ್ನು ಅವಳು ಕೇಳಿರಲಿಕ್ಕಿಲ್ಲ.

ಬುನಾದಿ ಶಿಕ್ಷಣದ ಶಾಲೆಗಳಲ್ಲಿಯೂ ಇದೇ ತತ್ವ. ನೂಲುವುದು, ತೋಟದ ಕೆಲಸ ಇವು ಪಾಠದ ಅಂಗಗಳು; ಶುಚಿತ್ವ, ಅಡುಗೆ, ಆಟಗಳಿಗೆ ಮಕ್ಕಳೇ ತಮ್ಮೊಳಗಿನ ಹೊಣೆಗಾರರನ್ನು ಆರಿಸಿಕೊಳ್ಳುತ್ತಾರೆ, ಅವಧಿ ಮುಗಿದಾಗ ಅವರನ್ನು ಪ್ರಶ್ನಿಸುತ್ತಾರೆ. ಇಂದಿನ ಶಾಲೆಗಳ ಅಣಕು ಸಂಸತ್ತಿನಲ್ಲಿ ಭಾಷಣವೇ ಪ್ರಧಾನ. ಅಲ್ಲಿ ಕಸಬರಿಕೆ ಪ್ರಧಾನವಾಗಿತ್ತು. ನನಗೆ ಎರಡನೆಯದೇ ಹೆಚ್ಚು ನೈಜವೆನಿಸುತ್ತದೆ.

1956ರಲ್ಲಿ ಗ್ರಾಮೀಣ ಉನ್ನತ ಶಿಕ್ಷಣ ಸಂಸ್ಥೆ ಆರಂಭವಾಯಿತು. ರಾಮಚಂದ್ರನ್ ಅವರ ಪ್ರೇರಣೆಯಿಂದ ಅಲ್ಲಿನ ವಿದ್ಯಾರ್ಥಿಗಳು ಶಾಂತಿಸೇನೆಯನ್ನು ಕಟ್ಟಿಕೊಂಡರು. 1959ರ ಫೆಬ್ರವರಿಯಲ್ಲಿ ಭಾರತ ಪ್ರವಾಸ ಕೈಗೊಂಡ ಮಾರ್ಟಿನ್ ಲೂಥರ್ ಕಿಂಗ್ ದಂಪತಿಗಳು ದಕ್ಷಿಣಕ್ಕೆ ಬಂದಾಗ ಗಾಂಧಿಗ್ರಾಮವನ್ನೂ ಸಂದರ್ಶಿಸಿದರು. ಮಾಂಟ್‌ಗೊಮರಿಯಲ್ಲಿ ಬಸ್ಸಿನ ಆಸನಕ್ಕಾಗಿ ಒಂದು ವರ್ಷಕ್ಕೂ ಮೀರಿ ನಡೆದು ಗೆದ್ದ ಸಮುದಾಯದ ನಾಯಕನಿಗೆ ಇಲ್ಲಿ ಕಾಣಬೇಕಾದುದು ಏನಿತ್ತೆಂಬುದನ್ನು ಊಹಿಸಬಹುದು.

ಅದೇ ವರ್ಷ ಆತ್ತೂರು ವಿಭಾಗದಲ್ಲಿ ಒಂದು ಆರೋಗ್ಯ ಪ್ರಯೋಗ ಆರಂಭವಾಯಿತು. ಪೆರಿಯಕುಳಂನಿಂದ ಹೋಗುವವರು ದಾಟುವ ಸೆಂಪಟ್ಟಿ ಈ ಭಾಗದ್ದೇ. ಸರ್ಕಾರದ ಜೊತೆಗೆ ಫೋರ್ಡ್ ಪ್ರತಿಷ್ಠಾನದ ನೆರವೂ ಇದಕ್ಕಿತ್ತು. ಕುಟುಂಬ ಯೋಜನೆ ಅಂದಿನ ಹಳ್ಳಿಗಳಲ್ಲಿ ಎತ್ತಲು ಸಂಕೋಚಪಡುವ ವಿಷಯ. ಪಟ್ಟಣದ ಅಧಿಕಾರಿ ಬಂದು ಉಪದೇಶಿಸಿದರೆ ಕೇಳುವವರಿಲ್ಲ. ಆದುದರಿಂದ ಹಳ್ಳಿಗರ ನಡುವೆಯೇ ಜನ ನೆಚ್ಚಿ ಮಾತು ಕೇಳುವ ಗಂಡಸರನ್ನೂ ಹೆಂಗಸರನ್ನೂ ಗುರುತಿಸಿ, ಅವರಿಗೆ ತಿಳಿವಳಿಕೆ ಕೊಟ್ಟು, ಅವರ ಮೂಲಕ ಚರ್ಚೆ ನಡೆಯುವಂತೆ ಮಾಡಲಾಯಿತು. ಪದವಿಯಿಲ್ಲದ ಇಂಥ ಮುಂದಾಳುಗಳು ಪ್ರತಿ ಊರಿನಲ್ಲಿಯೂ ಇರುತ್ತಾರೆ. ಕಡತಗಳಿಗೆ ಅವರು ಕಾಣುವುದಿಲ್ಲ. 1964ರಲ್ಲಿ ಈ ಕೆಲಸ ಗ್ರಾಮೀಣ ಆರೋಗ್ಯ ಮತ್ತು ಕುಟುಂಬ ಯೋಜನೆಯ ಸಂಸ್ಥೆಯಾಗಿ ನೆಲೆಗೊಂಡಿತು.

ಶಾಸನಸಭೆಯ ಜೀವನವನ್ನು ಚಿಕ್ಕದಾಗಿ ಹೇಳಬಹುದು. 1952ರಲ್ಲಿ ಆತ್ತೂರಿನಿಂದ, 1957ರಲ್ಲಿ ವೇಡಸಂದೂರಿನಿಂದ ಮದ್ರಾಸ್ ವಿಧಾನಸಭೆಗೆ, 1962ರಲ್ಲಿ ದಿಂಡಿಗಲ್ ಕ್ಷೇತ್ರದಿಂದ ಲೋಕಸಭೆಗೆ ಅವರು ಆಯ್ಕೆಯಾದರು. ಅದೇ 1962ರಲ್ಲಿ ಪದ್ಮಭೂಷಣ ಬಂದಿತು. ನೆಹರೂ ಮಂತ್ರಿಮಂಡಲದಲ್ಲಿ ಶಿಕ್ಷಣದ ಉಪಮಂತ್ರಿಯಾದರು. ಅವರು ಶಾಸಕಿಯಾಗಿದ್ದಾಗಲೇ ಮದ್ರಾಸ್ ರಾಜ್ಯದ 1958ರ ಪಂಚಾಯತಿ ಕಾಯಿದೆ ಬಂದು ಪಂಚಾಯತಿ ಒಕ್ಕೂಟಗಳು ರೂಪುಗೊಂಡುವು. 1967ರಲ್ಲಿ ದಿಂಡಿಗಲ್ ಕ್ಷೇತ್ರ ದ್ರಾವಿಡ ಮುನ್ನೇತ್ರ ಕಳಗದ ಪಾಲಾಯಿತು. ಸೌಂದರಂ ಅವರ ಉಳಿದ ಕಾಲವೆಲ್ಲ ಗಾಂಧಿಗ್ರಾಮದ್ದೇ.

ಇಲ್ಲಿ ಒಂದು ಪ್ರಶ್ನೆಯನ್ನು ಎತ್ತದೆ ಮುಂದೆ ಹೋಗುವುದು ಸರಿಯಲ್ಲ. ಗಾಂಧಿಗ್ರಾಮವನ್ನು ನಡೆಸಿದ್ದು ಧರ್ಮದರ್ಶಿಗಳ ಮಂಡಳಿ. ಊರವರು ಮತ ಹಾಕಿ ಆರಿಸಿದ ಸಭೆಯಲ್ಲ. ಗ್ರಾಮಸ್ವರಾಜ್ಯವನ್ನು ಕಲಿಸಿದ ಸಂಸ್ಥೆ ತಾನು ಮಾತ್ರ ಸ್ಥಾಪಕರ ವರ್ಚಸ್ಸಿನಿಂದಲೂ ಸರ್ಕಾರದ, ಪ್ರತಿಷ್ಠಾನಗಳ ಅನುದಾನದಿಂದಲೂ ನಡೆಯಿತು. ಇದು ದೋಷವೆಂದು ನಾನು ಭಾವಿಸುತ್ತೇನೆ. ಆದರೆ ಆ ದೋಷದ ಎದುರು ಇನ್ನೊಂದು ಅನುಭವವನ್ನೂ ಇಡಬೇಕು. ಕರ್ನಾಟಕದಲ್ಲಿ ಅಬ್ದುಲ್ ನಜೀರ್‌ಸಾಬ್ ಅವರ ಶ್ರಮದಿಂದ 1983ರ ಪಂಚಾಯತಿ ಕಾಯಿದೆ ಬಂದಿತು. ಅದರಂತೆ 1987ರಲ್ಲಿ ಚುನಾವಣೆ ನಡೆದಾಗ ಶೇಕಡ 25ರಷ್ಟು ಸ್ಥಾನಗಳು ಹೆಂಗಸರಿಗೆ ಮೀಸಲಾಗಿದ್ದುವು. ಕುರ್ಚಿ ದೊರೆಯಿತು. ಆದರೆ ಸಭೆಗೆ ಒಂಟಿಯಾಗಿ ಹೋಗಿ ಕೂರುವ, ಲೆಕ್ಕ ಕೇಳುವ, ಗಂಡನ ಅಥವಾ ಗೌಡರ ಮುಖ ನೋಡದೆ ಕೈಯೆತ್ತುವ ರೂಢಿಯನ್ನು ಕಾಯಿದೆ ತಾನೇ ಹುಟ್ಟಿಸಲಾರದು. ನಜೀರ್‌ಸಾಬ್ ಕೊಟ್ಟದ್ದು ಅಧಿಕಾರದ ಚೌಕಟ್ಟು. ಸೌಂದರಂ ಸಿದ್ಧಪಡಿಸಿದ್ದು ಅದರೊಳಗೆ ಕೂರಬಲ್ಲ ಹೆಂಗಸನ್ನು. ಒಬ್ಬರ ಕೆಲಸದ ಕೊರತೆ ಇನ್ನೊಬ್ಬರ ಕೆಲಸದಲ್ಲಿ ತುಂಬಿದೆ. ಇಬ್ಬರೂ ಒಂದೇ ನಾಡಿನಲ್ಲಿ, ಒಂದೇ ಕಾಲದಲ್ಲಿ ದುಡಿಯಲಿಲ್ಲವೆಂಬುದು ಚರಿತ್ರೆಯ ಕೃಪಣತೆ.

1976ರಲ್ಲಿ ಗ್ರಾಮೀಣ ಸಂಸ್ಥೆಗೆ ವಿಶ್ವವಿದ್ಯಾಲಯದ ಮಾನ್ಯತೆ ದೊರೆತು ರಾಮಚಂದ್ರನ್ ಅದರ ಮೊದಲ ಕುಲಪತಿಗಳಾದರು. ಸೌಂದರಂ ಅವರ ಒಲವು ಕೊನೆಯವರೆಗೂ ಆಸ್ಪತ್ರೆ ಮತ್ತು ಅನಾಥ ಮಕ್ಕಳ ಕಡೆಗಿತ್ತು. 1984ರ ಅಕ್ಟೋಬರ್ 21ರಂದು ಅವರು ನಿಧನರಾದರು. ಅಂದು ಗಾಂಧಿಗ್ರಾಮವೂ ಪೆರಿಯಕುಳಂ ಕೂಡ ಮಧುರೆ ಜಿಲ್ಲೆಗೇ ಸೇರಿದ್ದುವು. ದಿಂಡಿಗಲ್ ಜಿಲ್ಲೆ ಆದದ್ದು ಮರುವರ್ಷ, ತೇನಿ ಜಿಲ್ಲೆ ಇನ್ನೂ ತಡವಾಗಿ. 2005ರಲ್ಲಿ ಅಂಚೆ ಇಲಾಖೆ ಅವರ ಚಿತ್ರವಿರುವ ಚೀಟಿಯನ್ನು ಹೊರತಂದಿತು. ಎರಡು ಹಾಸಿಗೆಗಳಿಂದ ಹುಟ್ಟಿದ ಆಸ್ಪತ್ರೆಗೆ ಸುತ್ತಲಿನ ಹಳ್ಳಿಗಳ ಗರ್ಭಿಣಿಯರು ಈಗಲೂ ಬರುತ್ತಾರೆ. ಚಿನ್ನಾಳಪಟ್ಟಿಯಿಂದ ಬಂದವರಾದರೆ, ಅಲ್ಲಿ ಹುಟ್ಟಿದ ಕೂಸಿನ ಕಿವಿಗೆ ಬೀಳುವ ಮೊದಲ ಮಾತು ಕನ್ನಡವಾಗಿರುವುದೂ ಉಂಟು.