ತನ್ನ ಸಂಖ್ಯೆಯನ್ನೇ ಕಾಣದ ಅವೊಗಾಡ್ರೊ

ಒಂದು ಮೋಲ್ ಮೀಥೇನ್, ಅಂದ್ರೆ 16 ಗ್ರಾಂ, ಪೂರ್ತಿ ಉರಿದರೆ ಸುಮಾರು 890 ಕಿಲೋಜೂಲ್ ಶಾಖ. ಪರೀಕ್ಷೆಯಲ್ಲಿ ಇಷ್ಟು ಬರೆದು ಬರ್ತೀವಿ. ಆ ಮೋಲ್ ಲೆಕ್ಕಕ್ಕೆ ಅಡಿಪಾಯ ಹಾಕಿದ ಅಮೆಡಿಯೊ ಅವೊಗಾಡ್ರೊ ಓದಿದ್ದು ಕೆಮಿಸ್ಟ್ರಿ ಅಲ್ಲ, ಕಾನೂನು!

1776ರಲ್ಲಿ ಇಟಲಿಯ ಟುರಿನ್‌ನಲ್ಲಿ ಹುಟ್ಟಿದ ಇವರು ಇಪ್ಪತ್ತರ ವಯಸ್ಸಿಗೇ ಚರ್ಚ್ ಕಾನೂನಿನಲ್ಲಿ ಡಾಕ್ಟರೇಟ್ ಪಡೆದರು. ಗಣಿತ, ಭೌತಶಾಸ್ತ್ರದ ಹುಚ್ಚು ಹಿಡಿದದ್ದು ಆಮೇಲೆ. 1809ರಲ್ಲಿ ವೆರ್ಚೆಲ್ಲಿಯಲ್ಲಿ ಮೇಷ್ಟ್ರಾದರು.

ಆಗ ಒಂದು ಒಗಟಿತ್ತು. ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಕ್ಸಿಜನ್ ಸೇರಿದರೆ ಎರಡು ಪಾಲು ನೀರಾವಿ. ಒಂದು ಪಾಲು ಆಕ್ಸಿಜನ್ ಎರಡು ಪಾಲಿಗೆ ಹಂಚಿಕೆಯಾಗೋದು ಹೇಗೆ? 1811ರಲ್ಲಿ ಅವೊಗಾಡ್ರೊ ಬಿಡಿಸಿದರು: ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ, ಆಕ್ಸಿಜನ್ ಅಣು ಎರಡಾಗಿ ಒಡೆಯುತ್ತೆ. ಒಂದೇ ಜಾತಿಯ ಪರಮಾಣುಗಳು ಅಂಟಿಕೊಳ್ಳೋದುಂಟೇ ಅಂತ ದೊಡ್ಡವರು ಒಪ್ಪಲಿಲ್ಲ. ನಮಗನ್ನಿಸೋದು, ಲೆಕ್ಕ ಸರಿಯಿದ್ರೂ ಕೇಳೋರು ಬೇಕು.

ಟುರಿನ್ ವಿಶ್ವವಿದ್ಯಾಲಯದಲ್ಲಿ 1820ರಲ್ಲಿ ಸಿಕ್ಕ ಹುದ್ದೆ, 1821ರ ದಂಗೆಯ ಬಳಿಕ ಕೈತಪ್ಪಿತು. 1834ರಲ್ಲಿ ಮತ್ತೆ ಸಿಕ್ಕಿತು. 1856ರಲ್ಲಿ ತೀರಿಕೊಂಡರು.

ನಾಲ್ಕೇ ವರ್ಷದ ಮೇಲೆ, ಕಾರ್ಲ್ಸ್‌ರೂಹೆ ಸಮ್ಮೇಳನದಲ್ಲಿ ಕನ್ನಿಝಾರೊ ಅವರ ಪರ ವಾದಿಸಿದರು. ಆಮೇಲೆ ಒಬ್ಬೊಬ್ಬರಾಗಿ ಒಪ್ಪಿದರು. ನಾವು ಬಾಯಿಪಾಠ ಮಾಡೋ 6.022×10²³ ಅವರು ಎಣಿಸಿದ್ದಲ್ಲ. ಅದಕ್ಕೆ ಅವರ ಹೆಸರಿಟ್ಟದ್ದು 1909ರಲ್ಲಿ, ಫ್ರಾನ್ಸಿನ ಜಾನ್ ಪೆರಿನ್.