ಹಿಂದೆ ಓಡುತ್ತಲೇ ಕಲಿತವರು: ಫ್ರಾಂಸ್ವಾ ಸೆವೆರ್

ಬೋಧನಾಭ್ಯಾಸದ ಅವಧಿಯಲ್ಲಿ ನಾವು ಮೊದಲು ಮಾಡುವ ಕೆಲಸ ವೀಕ್ಷಣೆ. ಅನುಭವಿ ಶಿಕ್ಷಕರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು, ಅವರು ಏನು ಮಾಡುತ್ತಾರೆ, ಯಾವಾಗ ಮಾಡುತ್ತಾರೆ ಎಂದು ಬರೆದುಕೊಳ್ಳುತ್ತೇವೆ. ಆಮೇಲೆ ನಾವೇ ಪಾಠ ಮಾಡುತ್ತೇವೆ, ಅವರು ಹಿಂದೆ ಕುಳಿತು ಹಿಮ್ಮಾಹಿತಿ ಕೊಡುತ್ತಾರೆ. ಕಲಿಯುವವನು ಕಲಿಸುವವನ ಹಿಂದೆ ನಡೆದು ಕೊನೆಗೆ ಅವನ ಜಾಗಕ್ಕೆ ಬರುವ ಈ ಕ್ರಮ ಶಾಲೆಯಲ್ಲಿ ಮಾತ್ರವಲ್ಲ, ಗಂಟೆಗೆ 250 ಕಿ.ಮೀ. ವೇಗದ ಕಾರುಗಳ ಜಗತ್ತಿನಲ್ಲಿಯೂ ಒಮ್ಮೆ ನಡೆದಿತ್ತು. ಅದರ ಕೇಂದ್ರದಲ್ಲಿದ್ದವರು ಫ್ರಾನ್ಸಿನ ರೇಸ್ ಚಾಲಕ ಫ್ರಾಂಸ್ವಾ ಸೆವೆರ್. ನಾನು ಭೌತಶಾಸ್ತ್ರದ ವಿದ್ಯಾರ್ಥಿ. ಒಂಬತ್ತನೇ ತರಗತಿಯ ಚಲನೆಯ ಪಾಠಕ್ಕೆ ಉದಾಹರಣೆ ಹುಡುಕುವಾಗ ಅವರ ಜೀವನವನ್ನು ಓದಿದೆ. ಲೆಕ್ಕಗಳಿಗಿಂತ ಹೆಚ್ಚಿನದು ಅದರಲ್ಲಿ ಸಿಕ್ಕಿತು.

ಬಾಲ್ಯ ಮತ್ತು ಹೆಸರು

ಸೆವೆರ್ ಹುಟ್ಟಿದ್ದು 1944ರ ಫೆಬ್ರವರಿ 25ರಂದು, ಪ್ಯಾರಿಸ್‌ನಲ್ಲಿ. ಆಗ ನಗರ ಜರ್ಮನ್ ಸೈನ್ಯದ ವಶದಲ್ಲಿತ್ತು. ತಂದೆ ಶಾರ್ಲ್ ಗೋಲ್ಡನ್‌ಬರ್ಗ್ ಯೆಹೂದಿ, ಆಭರಣದ ವ್ಯಾಪಾರಿ. ಬಾಲ್ಯದಲ್ಲೇ ರಷ್ಯಾ ಸಾಮ್ರಾಜ್ಯದಿಂದ ಫ್ರಾನ್ಸಿಗೆ ಬಂದವರು. ಯೆಹೂದಿಗಳನ್ನು ಹಿಡಿದು ಶಿಬಿರಗಳಿಗೆ ಸಾಗಿಸುತ್ತಿದ್ದ ಆ ಕಾಲದಲ್ಲಿ ಅವರು ಪ್ರತಿರೋಧ ಚಳವಳಿಯನ್ನು ಸೇರಿದರು. ಮಕ್ಕಳನ್ನು ತಾಯಿ ಯುಗೆಟ್ ಅವರ ಕುಟುಂಬದ ಹೆಸರಿನಲ್ಲಿ ನೋಂದಾಯಿಸಲಾಯಿತು. ಜೀವ ಉಳಿಸಲೆಂದು ಇಟ್ಟ ಹೆಸರೇ ಯುದ್ಧದ ನಂತರವೂ ಉಳಿಯಿತು. ಮುಂದೆ ಜಗತ್ತು ಕಂಡದ್ದು ಆ ಹೆಸರನ್ನೇ.

ಹುಡುಗನಿಗೆ ಪಿಯಾನೋ ಚೆನ್ನಾಗಿ ಬರುತ್ತಿತ್ತು, ಬೀಥೋವನ್ ಮೆಚ್ಚಿನ ಸಂಗೀತಕಾರ. ಹದಿನಾರರ ಹೊತ್ತಿಗೆ ತಾಯಿಯ ವೆಸ್ಪಾ ಸ್ಕೂಟರಿನಲ್ಲಿ ಗೆಳೆಯರೊಂದಿಗೆ ಪಂದ್ಯ ಕಟ್ಟುತ್ತಿದ್ದ. ಆಮೇಲೆ ಮೋಟಾರ್ ಸೈಕಲ್, ಅದರ ನಂತರ ಕಾರು. ತಂದೆಗೆ ಇದು ಇಷ್ಟವಿರಲಿಲ್ಲ. ಆದರೆ ಸಹೋದರಿ ಜಾಕ್ಲಿನ್ ಅವರ ಕೈ ಹಿಡಿದವರು ಆ ಕಾಲದ ಪ್ರಸಿದ್ಧ ಚಾಲಕ ಜಾನ್-ಪಿಯರ್ ಬೆಲ್ತ್ವಾಸ್. ಹೀಗಾಗಿ ರೇಸಿನ ಮಾತು ಮನೆಯೊಳಗೇ ಬಂದಿತ್ತು.

ಶಾಲೆ, ಪರೀಕ್ಷೆ, ನಂತರದ ಸೋಲು

ಮಾನಿ-ಕೂರ್ ಎಂಬ ಊರಿನಲ್ಲಿ ಚಾಲಕರಿಗೆ ತರಬೇತಿ ಕೊಡುವ ಶಾಲೆಯಿತ್ತು. ಅಲ್ಲಿ ಕಲಿತವರಲ್ಲಿ ಉತ್ತಮರನ್ನು ಆರಿಸಲು ವೊಲಾಂ ಶೆಲ್ ಎಂಬ ಸ್ಪರ್ಧೆ ನಡೆಯುತ್ತಿತ್ತು. 1966ರಲ್ಲಿ ಅದರ ಅಂತಿಮ ಸುತ್ತಿನಲ್ಲಿ ಸೆವೆರ್ ಗೆದ್ದರು. ಸೋತವರಲ್ಲಿ ಪ್ಯಾಟ್ರಿಕ್ ದೆಪಾಯೇ ಒಬ್ಬರು. ಈ ಹೆಸರು ಮುಂದೆ ಮತ್ತೆ ಬರುತ್ತದೆ. ಬಹುಮಾನವಾಗಿ ಸಿಕ್ಕಿದ್ದು ಒಂದು ಆಲ್ಪೀನ್ ಫಾರ್ಮುಲಾ 3 ಕಾರು.

ಕಾರು ಸಿಕ್ಕಿತು, ಗೆಲುವು ಸಿಗಲಿಲ್ಲ. 1967ರ ಇಡೀ ಋತು ಕಷ್ಟದಲ್ಲೇ ಕಳೆಯಿತು. ಹಣ ಕಡಿಮೆ, ಕಾರು ಸ್ಪರ್ಧಾತ್ಮಕವಾಗಿರಲಿಲ್ಲ, ಅದನ್ನು ಪ್ರತಿ ಪಥಕ್ಕೂ ಹೊಂದಿಸಿಕೊಳ್ಳುವ ಅನುಭವವೂ ಇರಲಿಲ್ಲ. ಆಯ್ಕೆಯ ಪರೀಕ್ಷೆಯಲ್ಲಿ ಎಲ್ಲರಿಗೂ ಸಿದ್ಧಪಡಿಸಿದ ಕಾರು ಇರುತ್ತದೆ, ಓಡಿಸಿದರೆ ಸಾಕು. ನಿಜವಾದ ಪಂದ್ಯದಲ್ಲಿ ಸಿದ್ಧತೆಯೂ ನಮ್ಮದೇ. ಸೂಕ್ಷ್ಮ ಬೋಧನೆಯಲ್ಲಿ ಐದಾರು ನಿಮಿಷ ಒಂದೇ ಕೌಶಲವನ್ನು ಸಹಪಾಠಿಗಳ ಮುಂದೆ ತೋರಿಸುವುದಕ್ಕೂ, ಅರವತ್ತು ಮಕ್ಕಳ ಮುಂದೆ ನಲವತ್ತು ನಿಮಿಷ ನಿಲ್ಲುವುದಕ್ಕೂ ಇರುವ ಅಂತರ ಇದೇ. ಮೊದಲನೆಯದು ಸುಳ್ಳಲ್ಲ, ಆದರೆ ಅದು ಪೂರ್ತಿಯೂ ಅಲ್ಲ.

1968ರಲ್ಲಿ ಸೆವೆರ್ ಇಟಲಿಯ ಟೆಕ್ನೋ ಕಾರಿಗೆ ಬದಲಾಯಿಸಿ ಫ್ರಾನ್ಸಿನ ಫಾರ್ಮುಲಾ 3 ಚಾಂಪಿಯನ್ ಆದರು. 1969ರಲ್ಲಿ ಟೆಕ್ನೋ ಸಂಸ್ಥೆಯ ಸ್ವಂತ ತಂಡದಲ್ಲಿ ಫಾರ್ಮುಲಾ 2ಕ್ಕೆ ಏರಿ, ರೀಮ್ಸ್‌ನಲ್ಲಿ ಗೆದ್ದು, ಯುರೋಪಿನ ಪಟ್ಟಿಯಲ್ಲಿ ಮೂರನೆಯವರಾದರು. ಆ ದಿನಗಳಲ್ಲಿ ವಿಶ್ವಮಟ್ಟದ ಚಾಲಕರೂ ಫಾರ್ಮುಲಾ 2ರಲ್ಲಿ ಓಡುತ್ತಿದ್ದರು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಸ್ಕಾಟ್ಲೆಂಡಿನ ಜಾಕಿ ಸ್ಟುವರ್ಟ್ ಈ ಹೊಸ ಹುಡುಗನನ್ನು ದಾಟಲು ಬಹಳ ಕಷ್ಟಪಟ್ಟರು. ಅಂದು ಅವರು ಸಿಟ್ಟಾಗುವ ಬದಲು, ತಮ್ಮ ತಂಡದ ಒಡೆಯ ಕೆನ್ ಟಿರೆಲ್ ಅವರಿಗೆ ಈತನ ಮೇಲೆ ಕಣ್ಣಿಡಿ ಎಂದು ಸೂಚಿಸಿದರು.

ಗುರು ಸಿಕ್ಕಿದ್ದು

1970ರ ಋತುವಿನ ಮೂರೇ ಪಂದ್ಯಗಳ ನಂತರ ಟಿರೆಲ್ ತಂಡದ ಎರಡನೇ ಚಾಲಕ ಜಾನಿ ಸೆರ್ವೋ-ಗವಾಂ ಇದ್ದಕ್ಕಿದ್ದಂತೆ ನಿವೃತ್ತರಾದರು. ಕಣ್ಣಿಗಾದ ಗಾಯ ಅವರನ್ನು ಕಾಡುತ್ತಿತ್ತು. ಖಾಲಿಯಾದ ಜಾಗಕ್ಕೆ ಸೆವೆರ್ ಬಂದರು. ನೆದರ್‌ಲ್ಯಾಂಡ್ಸಿನ ಝಾಂಡ್‌ವೂರ್ಟ್‌ನಲ್ಲಿ ಮೊದಲ ಪಂದ್ಯ, ಮೊನ್ಝಾದಲ್ಲಿ ಆರನೇ ಸ್ಥಾನದೊಂದಿಗೆ ಮೊದಲ ಅಂಕ.

ರೇಸಿನಲ್ಲಿ ಒಂದು ವಿಚಿತ್ರವಿದೆ. ಒಂದೇ ತಂಡದಲ್ಲಿ ಒಂದೇ ಬಗೆಯ ಕಾರು ಓಡಿಸುವ ಇಬ್ಬರಲ್ಲಿ ಯಾರು ಉತ್ತಮ ಎಂದು ನೇರವಾಗಿ ಹೋಲಿಸಬಹುದು. ಹಾಗಾಗಿ ಜೊತೆಗಾರನೇ ಮೊದಲ ಎದುರಾಳಿ. ಅನೇಕರು ತಾವು ಕಂಡುಕೊಂಡ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಸ್ಟುವರ್ಟ್ ಹಾಗೆ ಮಾಡಲಿಲ್ಲ. ಯಾವ ತಿರುವಿಗೆ ಎಲ್ಲಿ ಬ್ರೇಕ್ ಹಾಕಬೇಕು, ಯಾವ ಗೇರ್, ಕಾರನ್ನು ಹೇಗೆ ಹೊಂದಿಸಬೇಕು ಎಂಬುದನ್ನೆಲ್ಲ ತೆರೆದಿಟ್ಟರು. ಅವರು ಆಗಲೇ 1969ರ ವಿಶ್ವ ಚಾಂಪಿಯನ್. ಕಿರಿಯನಿಗೆ ಹೇಳಿಕೊಟ್ಟರೆ ತನ್ನದು ಕಡಿಮೆಯಾಗುತ್ತದೆ ಎಂಬ ಭಯ ಅವರಿಗಿರಲಿಲ್ಲ.

1971ರಲ್ಲಿ ಇದರ ಫಲ ಕಂಡಿತು. ಫ್ರಾನ್ಸ್ ಮತ್ತು ಜರ್ಮನಿಯ ಪಂದ್ಯಗಳಲ್ಲಿ ಸ್ಟುವರ್ಟ್ ಮೊದಲಿಗರು, ಸೆವೆರ್ ಎರಡನೆಯವರು. ಮೊನ್ಝಾದಲ್ಲಿ ಐದು ಕಾರುಗಳು 0.61 ಸೆಕೆಂಡಿನೊಳಗೆ ಗೆರೆ ದಾಟಿದವು. ಪೀಟರ್ ಗೆದಿನ್ ಗೆದ್ದರು, ಸೆವೆರ್ 0.09 ಸೆಕೆಂಡ್ ಹಿಂದೆ ಮೂರನೆಯವರು. ಗೆದ್ದವರ ಸರಾಸರಿ ಜವ ಗಂಟೆಗೆ ಸುಮಾರು 242.6 ಕಿ.ಮೀ., ಅಂದರೆ ಸೆಕೆಂಡಿಗೆ 67.4 ಮೀಟರ್. ಆ ಜವದಲ್ಲಿ 0.09 ಸೆಕೆಂಡ್ ಎಂದರೆ ಎಷ್ಟು ದೂರ ಎಂದು ಮಕ್ಕಳಿಗೆ ಲೆಕ್ಕ ಕೊಡಬಹುದು. ಸುಮಾರು 6 ಮೀಟರ್ ಬರುತ್ತದೆ. 316 ಕಿ.ಮೀ. ಓಡಿದ ಮೇಲೆ ಉಳಿದ ಅಂತರ ಒಂದು ತರಗತಿ ಕೋಣೆಯ ಅಗಲದಷ್ಟು. ಗಂಟೆಗೆ ಕಿ.ಮೀ. ಅನ್ನು ಸೆಕೆಂಡಿಗೆ ಮೀಟರ್ ಮಾಡಲು 5/18ರಿಂದ ಗುಣಿಸುವುದು ಏಕೆ ಎಂಬುದನ್ನು ಇದರಲ್ಲೇ ಹೇಳಿಕೊಡಬಹುದು.

ಅದೇ ವರ್ಷ ಅಕ್ಟೋಬರ್ 3ರಂದು ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಸೆವೆರ್ ಗೆದ್ದರು. ಸ್ಟುವರ್ಟ್ ಕಾರಿನ ಟೈರುಗಳು ಹಿಡಿತ ಕಳೆದುಕೊಂಡಾಗ ಮುಂದೆ ಬಂದು ಕೊನೆಯವರೆಗೂ ಮುಂದೆಯೇ ಉಳಿದರು. ಎರಡನೆಯವರಿಗಿಂತ ಸುಮಾರು 40 ಸೆಕೆಂಡ್ ಅಂತರ. ವಿಶ್ವ ಚಾಂಪಿಯನ್‌ಷಿಪ್‌ನ ಗ್ರ್ಯಾನ್ ಪ್ರೀ ಗೆದ್ದ ಎರಡನೇ ಫ್ರೆಂಚ್ ಚಾಲಕ ಅವರು. ಮೊದಲನೆಯವರು ಮೊರಿಸ್ ತ್ರ್ಯಾಂತಿನ್ಯಾಂ. ಆ ವರ್ಷ ಸ್ಟುವರ್ಟ್ ಮತ್ತೆ ಚಾಂಪಿಯನ್, ಸೆವೆರ್ ಮೂರನೆಯವರು.

ದೀರ್ಘ ಪಂದ್ಯಗಳು

ಅವರು ಒಂದೇ ಬಗೆಯ ಕಾರಿಗೆ ಅಂಟಿಕೊಂಡವರಲ್ಲ. ಫ್ರಾನ್ಸಿನ ಮಾತ್ರಾ ಸಂಸ್ಥೆಯ ಕ್ರೀಡಾ ಕಾರುಗಳಲ್ಲಿ ದೀರ್ಘ ಪಂದ್ಯಗಳನ್ನು ಓಡಿದರು. 1970ರಲ್ಲಿ ಜಾಕ್ ಬ್ರಭಾಮ್ ಅವರೊಂದಿಗೆ ಪ್ಯಾರಿಸ್ 1000 ಕಿ.ಮೀ. ಪಂದ್ಯ ಗೆದ್ದರು. 1972ರ ಲೆ ಮಾನ್ಸ್ 24 ಗಂಟೆಗಳ ಪಂದ್ಯದಲ್ಲಿ ನ್ಯೂಝಿಲೆಂಡಿನ ಹೌಡನ್ ಗ್ಯಾನ್ಲಿ ಅವರೊಡನೆ ಎರಡನೆಯವರಾದರು. ಮೊನ್ಝಾದಲ್ಲಿ ಗೆರೆ ದಾಟಿದ ಆ ಐವರಲ್ಲಿ ಕೊನೆಯವರು ಇದೇ ಗ್ಯಾನ್ಲಿ. ಅದೇ ವರ್ಷ ಅಮೆರಿಕದ ಕ್ಯಾನ್-ಆಮ್ ಸರಣಿಯ ಡಾನಿಬ್ರೂಕ್ ಪಂದ್ಯವನ್ನು ಮೆಕ್ಲಾರೆನ್ ಕಾರಿನಲ್ಲಿ ಗೆದ್ದರು. 1973ರಲ್ಲಿ ವಲ್ಲೆಲುಂಗಾದ ಆರು ಗಂಟೆಗಳ ಪಂದ್ಯವನ್ನು ಪೆಸ್ಕರೋಲೊ ಮತ್ತು ಲಾರೂಸ್ ಅವರ ಜೊತೆಗೂಡಿ ಗೆದ್ದರು. ಇಂಥ ಪಂದ್ಯದಲ್ಲಿ ಒಂದೇ ಕಾರನ್ನು ಇಬ್ಬರು ಮೂವರು ಸರದಿಯಂತೆ ಓಡಿಸಬೇಕು. ತನ್ನ ನಂತರ ಬರುವವನಿಗೆ ಯಂತ್ರವನ್ನು ಸುಸ್ಥಿತಿಯಲ್ಲಿ ಒಪ್ಪಿಸುವುದೂ ಕೌಶಲವೇ.

1973: ಹೇಳದೆ ಉಳಿದ ಮಾತು

1973ರಲ್ಲಿ ಸೆವೆರ್ ಆರು ಬಾರಿ ಎರಡನೆಯವರಾದರು. ಅವುಗಳಲ್ಲಿ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಮತ್ತು ಜರ್ಮನಿಯಲ್ಲಿ ಮುಂದಿದ್ದವರು ಸ್ಟುವರ್ಟ್. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಇಬ್ಬರೂ ಹಿಂದೆ ಮುಂದೆ ಸಾಗಿದರು. ಆ ದಿನ ಶಿಷ್ಯ ಮನಸ್ಸು ಮಾಡಿದ್ದರೆ ತನ್ನನ್ನು ದಾಟಬಹುದಿತ್ತು ಎಂದು ಸ್ಟುವರ್ಟ್ ಮುಂದೆ ಒಪ್ಪಿಕೊಂಡರು. ಅದು ಸ್ಟುವರ್ಟ್ ಅವರ 27ನೇ ಹಾಗೂ ಕೊನೆಯ ಗೆಲುವು.

ಆ ಋತುವಿನ ಕೊನೆಗೆ ನಿವೃತ್ತರಾಗುವುದೆಂದು ಸ್ಟುವರ್ಟ್ ಏಪ್ರಿಲ್‌ನಲ್ಲೇ ನಿರ್ಧರಿಸಿದ್ದರು. ಅದು ಗೊತ್ತಿದ್ದದ್ದು ಕೆನ್ ಟಿರೆಲ್ ಸೇರಿ ಬೆರಳೆಣಿಕೆಯಷ್ಟು ಜನರಿಗೆ ಮಾತ್ರ. ಉಳಿದ ಪಂದ್ಯಗಳನ್ನು ಒಂದೊಂದಾಗಿ ಎಣಿಸುವ ಆತಂಕ ಬೇಡವೆಂದು ಹೆಂಡತಿ ಹೆಲೆನ್‌ಗೂ ಹೇಳಿರಲಿಲ್ಲ. 1974ರಲ್ಲಿ ತಂಡದ ಮೊದಲ ಚಾಲಕ ಸೆವೆರ್ ಎಂಬುದು ತೀರ್ಮಾನವಾಗಿತ್ತು, ಆದರೆ ಅದು ಸೆವೆರ್‌ಗೇ ತಿಳಿದಿರಲಿಲ್ಲ.

ಋತುವಿನ ಕೊನೆಯ ಪಂದ್ಯ ಮತ್ತೆ ವಾಟ್ಕಿನ್ಸ್ ಗ್ಲೆನ್‌ನಲ್ಲಿ. ಸ್ಟುವರ್ಟ್‌ಗೆ ಅದು ನೂರನೇ ಗ್ರ್ಯಾನ್ ಪ್ರೀ ಆಗಬೇಕಿತ್ತು. ಅಕ್ಟೋಬರ್ 6, ಶನಿವಾರ, ಅರ್ಹತಾ ಸುತ್ತುಗಳು ನಡೆಯುತ್ತಿದ್ದವು. ಏರುಹಾದಿಯಲ್ಲಿ ಎಡಬಲ ತಿರುಗುವ ಎಸ್ಸೆಸ್ ಎಂಬ ಭಾಗದಲ್ಲಿ ಸೆವೆರ್ ಅವರ ಕಾರು ಎಡದ ಅಂಚನ್ನು ತಾಕಿ, ಬಲದ ತಡೆಗೋಡೆಗೆ ಬಡಿದು, ತಿರುಗುತ್ತಾ ಎದುರು ಬದಿಯ ತಡೆಗೋಡೆಗೆ ಅಪ್ಪಳಿಸಿತು. ಅವರು ಸ್ಥಳದಲ್ಲೇ ತೀರಿಕೊಂಡರು. ವಯಸ್ಸು 29. ಎರಡು ವರ್ಷದ ಹಿಂದೆ ಗೆದ್ದದ್ದೂ ಇದೇ ಪಥದಲ್ಲಿ. ಟಿರೆಲ್ ತಂಡ ಪಂದ್ಯದಿಂದ ಹಿಂದೆ ಸರಿಯಿತು, ಸ್ಟುವರ್ಟ್ ಅವರ ವೃತ್ತಿ 99ಕ್ಕೆ ನಿಂತಿತು.

ಗೇರಿನ ಪ್ರಶ್ನೆ

ಅಭ್ಯಾಸ ಮತ್ತೆ ಶುರುವಾದಾಗ ಸ್ಟುವರ್ಟ್ ಅದೇ ಬಗೆಯ ಕಾರಿನಲ್ಲಿ ಅದೇ ಜಾಗಕ್ಕೆ ಹೋದರು, ಕಾರಣ ತಿಳಿಯಲು. ಆ ತಿರುವುಗಳ ಬಗ್ಗೆ ಇಬ್ಬರೂ ಮೊದಲೇ ಚರ್ಚಿಸಿದ್ದರು. ಸ್ಟುವರ್ಟ್ ಬಳಸುತ್ತಿದ್ದದ್ದು ಒಂದು ಗೇರ್ ಮೇಲಿನದು, ಸೆವೆರ್ ಇಷ್ಟಪಡುತ್ತಿದ್ದದ್ದು ಒಂದು ಗೇರ್ ಕೆಳಗಿನದು. ಟಿರೆಲ್ ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ ಕಡಿಮೆ, ಆದ್ದರಿಂದ ಅದು ಬೇಗ ತಿರುಗುತ್ತದೆ, ಬೇಗ ಬೆದರುತ್ತದೆ.

ಇದನ್ನು ಗೇರ್ ಇರುವ ಸೈಕಲ್ಲಿನಿಂದ ವಿವರಿಸಬಹುದು. ಕೆಳಗಿನ ಗೇರಿನಲ್ಲಿ ಪೆಡಲನ್ನು ಸ್ವಲ್ಪ ಒತ್ತಿದರೂ ಹಿಂದಿನ ಚಕ್ರಕ್ಕೆ ಹೆಚ್ಚು ಬಲ ಹೋಗಿ ಸೈಕಲ್ ಥಟ್ಟನೆ ಜಿಗಿಯುತ್ತದೆ. ಮೇಲಿನ ಗೇರಿನಲ್ಲಿ ಅದೇ ಒತ್ತಡಕ್ಕೆ ಸೈಕಲ್ ನಿಧಾನವಾಗಿ, ನಯವಾಗಿ ವೇಗ ಪಡೆಯುತ್ತದೆ. ಕಾರಿನಲ್ಲಿಯೂ ಹಾಗೆಯೇ. ಕೆಳಗಿನ ಗೇರಿನಲ್ಲಿ ಎಂಜಿನ್ ತನ್ನ ಶಕ್ತಿಯ ಮೇಲ್ತುದಿಯಲ್ಲಿರುತ್ತದೆ, ವೇಗೋತ್ಕರ್ಷ ಚೆನ್ನಾಗಿರುತ್ತದೆ, ಆದರೆ ಪಾದದ ಸಣ್ಣ ಅಲುಗಾಟಕ್ಕೂ ಕಾರು ತೀವ್ರವಾಗಿ ಸ್ಪಂದಿಸುತ್ತದೆ. ಮೇಲಿನ ಗೇರಿನಲ್ಲಿ ಸ್ವಲ್ಪ ಸಮಯ ಹೋಗುತ್ತದೆ, ಸ್ಥಿರತೆ ಉಳಿಯುತ್ತದೆ. ಈ ವ್ಯತ್ಯಾಸವೇ ಕಾರಣ ಎಂಬುದು ಸ್ಟುವರ್ಟ್ ಅವರ ತೀರ್ಮಾನ.

ಹಿರಿಯರ ಮಾತು ಕೇಳಿದ್ದರೆ ಬದುಕುತ್ತಿದ್ದರು ಎಂಬ ನೀತಿಯನ್ನು ಇದರಿಂದ ತೆಗೆಯುವುದು ಸುಲಭ. ನನಗೆ ಅದು ಸರಿ ಎನಿಸುವುದಿಲ್ಲ. ಗುರುವಿನದನ್ನು ಹಾಗೆಯೇ ನಕಲು ಮಾಡುವವನು ಎಂದೂ ತಂಡದ ಮೊದಲ ಚಾಲಕನಾಗಲಾರ. ಸೆವೆರ್ ಆ ಮಟ್ಟಕ್ಕೆ ಬಂದದ್ದೇ ಕೇಳಿದ್ದನ್ನು ತನ್ನ ಕೈಯಿಂದ ಪರೀಕ್ಷಿಸಿ ನೋಡಿದ್ದರಿಂದ. ಸ್ಟುವರ್ಟ್ ಸಹ ತನ್ನ ರೀತಿಯನ್ನು ಹೇರಲಿಲ್ಲ, ಕಾರಣ ಹೇಳಿ ಆಯ್ಕೆಯನ್ನು ಅವರಿಗೇ ಬಿಟ್ಟರು. ಒಳ್ಳೆಯ ಮಾರ್ಗದರ್ಶಕರು ಮಾಡುವುದೂ ಅದನ್ನೇ.

ಹಾಗಾದರೆ ನಮಗೆ ಉಳಿಯುವ ಪ್ರಶ್ನೆ ಬೇರೆ. ಯಾವುದು ಶೈಲಿ, ಯಾವುದು ಸುರಕ್ಷತೆ? ಕಪ್ಪುಹಲಗೆಯನ್ನು ಎರಡು ಭಾಗ ಮಾಡಬೇಕೋ ಮೂರು ಮಾಡಬೇಕೋ, ಪೀಠಿಕೆಗೆ ಕಥೆ ಹೇಳಬೇಕೋ ಪ್ರಶ್ನೆ ಕೇಳಬೇಕೋ ಎಂಬುದು ಶೈಲಿ. ಅಲ್ಲಿ ಪ್ರಶಿಕ್ಷಣಾರ್ಥಿಗೆ ಸ್ವಾತಂತ್ರ್ಯ ಬೇಕು. ಪ್ರಯೋಗಾಲಯದಲ್ಲಿ ನೀರಿಗೆ ಆಮ್ಲ ಹಾಕಬೇಕೇ ಹೊರತು ಆಮ್ಲಕ್ಕೆ ನೀರಲ್ಲ ಎಂಬುದು ಶೈಲಿಯಲ್ಲ. ಇವೆರಡರ ನಡುವೆ ಗೆರೆ ಎಳೆಯುವುದು ಸದಾ ಇಷ್ಟು ಸುಲಭವಲ್ಲ. ವಾಟ್ಕಿನ್ಸ್ ಗ್ಲೆನ್‌ನ ಗೇರ್ ಶುಕ್ರವಾರದವರೆಗೆ ಶೈಲಿಯಾಗಿತ್ತು. ನಮ್ಮ ಅವಲೋಕನ ಹಾಳೆಗಳಲ್ಲಿ ಎಲ್ಲ ಸಲಹೆಗಳೂ ಒಂದೇ ಅಂಕಣದಲ್ಲಿ ಬರುತ್ತವೆ. ಮಾಡಲೇಬೇಕಾದದ್ದು, ಮಾಡಿ ನೋಡಬಹುದಾದದ್ದು ಎಂದು ಎರಡು ಅಂಕಣ ಇದ್ದರೆ ಕಿರಿಯರಿಗೆ ಅನುಕೂಲ.

ಇನ್ನೊಂದು ಮಾತು ನಿವೃತ್ತಿಯ ಗುಟ್ಟಿನ ಬಗ್ಗೆ. ಸ್ಟುವರ್ಟ್ ಅವರ ಮೌನಕ್ಕೆ ಕಾರಣಗಳಿದ್ದವು, ಅವು ಪ್ರೀತಿಯ ಕಾರಣಗಳು. ಆದರೂ ತನ್ನ ಗುರು ತನ್ನ ಮೇಲೆ ಇಟ್ಟ ಪೂರ್ಣ ನಂಬಿಕೆ ಸೆವೆರ್‌ಗೆ ಮಾತಿನಲ್ಲಿ ತಲುಪಲಿಲ್ಲ. ಕಲಿಯುವವನು ಸಿದ್ಧನಾಗಿದ್ದಾನೆ ಎಂದು ಅನಿಸಿದಾಗ ಅದನ್ನು ಅವನಿಗೆ ಹೇಳಿಬಿಡಬೇಕು. ನಾಳೆ ನಾವು ಶಿಕ್ಷಕರಾದಾಗ ನೆನಪಿಡಬೇಕಾದ ಮಾತಿದು.

ನಂತರ

46 ಗ್ರ್ಯಾನ್ ಪ್ರೀಗಳು, ಒಂದು ಗೆಲುವು, 13 ಬಾರಿ ಮೊದಲ ಮೂವರಲ್ಲಿ ಸ್ಥಾನ, 89 ಅಂಕಗಳು. ಸೆವೆರ್ ಅವರ ದಾಖಲೆ ಇಷ್ಟು. ಅವರ ಸಮಾಧಿ ಫ್ರಾನ್ಸಿನ ವೊಡೆಲ್ನೆ ಎಂಬ ಹಳ್ಳಿಯಲ್ಲಿದೆ. 1974ರಲ್ಲಿ ಟಿರೆಲ್ ತಂಡ ಇಬ್ಬರು ಹೊಸಬರೊಂದಿಗೆ ಆರಂಭಿಸಿತು. ಒಬ್ಬರು ದಕ್ಷಿಣ ಆಫ್ರಿಕಾದ ಜೋಡಿ ಶೆಕ್ಟರ್. ಇನ್ನೊಬ್ಬರು ಪ್ಯಾಟ್ರಿಕ್ ದೆಪಾಯೇ, ಎಂಟು ವರ್ಷದ ಹಿಂದೆ ಮಾನಿ-ಕೂರ್‌ನಲ್ಲಿ ಸೆವೆರ್ ಎದುರು ಸೋತಿದ್ದ ಅದೇ ಸಹಪಾಠಿ. ಅವರು 1978ರಲ್ಲಿ ಮೊನಾಕೊ ಗ್ರ್ಯಾನ್ ಪ್ರೀ ಗೆದ್ದರು. ಆಯ್ಕೆಯ ದಿನ ಎರಡನೆಯವನಾದವನು ಎಂದಿಗೂ ಎರಡನೆಯವನಲ್ಲ ಎಂಬುದನ್ನು ಅಂಕಪಟ್ಟಿ ಹಿಡಿದು ನಿಲ್ಲುವ ನಮ್ಮ ಮಕ್ಕಳಿಗೆ ಹೇಳಲು ಈ ಒಂದು ಹೆಸರು ಸಾಕು.