ಶಂಕರ್ ನಾಗ್

ಶಂಕರ್ ನಾಗ್ (ನವೆಂಬರ್ 9, 1954 – ಸೆಪ್ಟೆಂಬರ್ 30, 1990) ಕನ್ನಡದ ಚಲನಚಿತ್ರ ನಟ, ನಿರ್ದೇಶಕ, ಚಿತ್ರಕಥಾ ಲೇಖಕ ಮತ್ತು ರಂಗಕರ್ಮಿ. ಇವರ ಮೂಲ ಹೆಸರು ಶಂಕರ್ ನಾಗರಕಟ್ಟೆ. ಗಿರೀಶ ಕಾರ್ನಾಡರು ನಿರ್ದೇಶಿಸಿದ 'ಒಂದಾನೊಂದು ಕಾಲದಲ್ಲಿ' (1978) ಚಿತ್ರದ ಗಂಡುಗಲಿ ಎಂಬ ತರುಣ ಯೋಧನ ಪಾತ್ರದ ಮೂಲಕ ಕನ್ನಡ ಪ್ರೇಕ್ಷಕರಿಗೆ ಪರಿಚಿತರಾದರು. ಮುಂದೆ ಸುಮಾರು ಹನ್ನೆರಡು ವರ್ಷಗಳ ಅವಧಿಯಲ್ಲಿ ಎಂಬತ್ತರಷ್ಟು ಚಿತ್ರಗಳಲ್ಲಿ ನಟಿಸಿದರು. 'ಮಾಲ್ಗುಡಿ ಡೇಸ್' ದೂರದರ್ಶನ ಧಾರಾವಾಹಿಯ ನಿರ್ದೇಶಕರಾಗಿ ಇವರ ಹೆಸರು ಕರ್ನಾಟಕದ ಹೊರಗೂ ಹಬ್ಬಿತು. ಹಿರಿಯ ನಟ ಅನಂತ್ ನಾಗ್ ಇವರ ಅಣ್ಣ.

ಬಾಲ್ಯ ಮತ್ತು ರಂಗಭೂಮಿ

ಶಂಕರ್ ನಾಗ್ ಹುಟ್ಟಿದ್ದು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಬಳಿಯ ಮಲ್ಲಾಪುರದಲ್ಲಿ. ತಂದೆ ಸದಾನಂದ ನಾಗರಕಟ್ಟೆ, ತಾಯಿ ಆನಂದಿ. ಮನೆಮಾತು ಕೊಂಕಣಿ. ವಿದ್ಯಾಭ್ಯಾಸದ ನಂತರ ಮುಂಬಯಿಗೆ ತೆರಳಿದ ಅವರನ್ನು ಅಲ್ಲಿನ ಮರಾಠಿ ರಂಗಭೂಮಿ ಸೆಳೆದುಕೊಂಡಿತು. ಕರಾವಳಿಯ ಹುಡುಗನಿಗೆ ಅಭಿನಯದ ಮೊದಲ ಪಾಠಶಾಲೆ ಮರಾಠಿ ನಾಟಕವೇ ಆಯಿತು. ನಾಟಕದ ತಾಲೀಮಿನಲ್ಲಿ ಪರಿಚಯವಾದ ಅರುಂಧತಿ ರಾವ್ ಅವರನ್ನು ಮುಂದೆ ವಿವಾಹವಾದರು. ದಂಪತಿಗೆ ಕಾವ್ಯಾ ಎಂಬ ಮಗಳಿದ್ದಾಳೆ.

ಮರಾಠಿಯ ಈ ನಂಟಿನ ಫಲವಾಗಿ ನಚಿಕೇತ ಮತ್ತು ಜಯೂ ಪಟವರ್ಧನ್ ನಿರ್ದೇಶಿಸಿದ '22 ಜೂನ್ 1897' (1979) ಚಿತ್ರದ ಬರವಣಿಗೆಯಲ್ಲಿ ಶಂಕರ್ ನಾಗ್ ಸಹಲೇಖಕರಾದರು. ಪ್ಲೇಗಿನ ಕಾಲದಲ್ಲಿ ಪುಣೆಯ ಜನರು ಅನುಭವಿಸಿದ ದಬ್ಬಾಳಿಕೆಗೆ ಪ್ರತಿಯಾಗಿ ಬ್ರಿಟಿಷ್ ಅಧಿಕಾರಿ ರ‍್ಯಾಂಡ್‌ನನ್ನು ಕೊಂದು, ಗಲ್ಲಿಗೇರಿದ ಚಾಪೇಕರ್ ಸಹೋದರರ ಕಥೆ ಇದು. ಹರೆಯದ ಹುಡುಗರು ಆಯುಧ ಹಿಡಿಯುವ ಕ್ಷಣ ಯಾವುದು, ಹಿಡಿದ ಮೇಲೆ ಅವರು ಏನಾಗುತ್ತಾರೆ ಎಂಬ ವಸ್ತು ಅವರ ಮೊದಲ ಎರಡು ಚಿತ್ರಗಳಲ್ಲಿಯೂ, ಒಂದರಲ್ಲಿ ಲೇಖಕರಾಗಿ ಇನ್ನೊಂದರಲ್ಲಿ ನಟರಾಗಿ, ಅವರಿಗೆ ಎದುರಾದುದು ಗಮನಿಸತಕ್ಕ ಸಂಗತಿ.

ಒಂದಾನೊಂದು ಕಾಲದಲ್ಲಿ

1970ರಲ್ಲಿ ತೆರೆಕಂಡ 'ಸಂಸ್ಕಾರ'ದಿಂದ ಕನ್ನಡದಲ್ಲಿ ಅಲ್ಪವೆಚ್ಚದ ಹೊಸ ಅಲೆಯ ಚಿತ್ರಗಳ ಪರಂಪರೆ ಆರಂಭವಾಯಿತು. ದೊಡ್ಡ ತಾರೆಯರಿಲ್ಲದೆ, ಸ್ಟುಡಿಯೋದ ಆಡಂಬರವಿಲ್ಲದೆ, ಸಾಹಿತಿಗಳೂ ರಂಗಕರ್ಮಿಗಳೂ ಸೇರಿ ಹೊರಾಂಗಣದಲ್ಲಿ ತೆಗೆದ ಚಿತ್ರಗಳಿವು. ಕಾರ್ನಾಡರು ಇದೇ ಪರಂಪರೆಗೆ ಸೇರಿದವರು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿ ಅವರು ನಿರ್ದೇಶಿಸಿದ 'ಕಾಡು' (1973) ಎರಡು ಹಳ್ಳಿಗಳ ವೈರವನ್ನು ಒಬ್ಬ ಪುಟ್ಟ ಬಾಲಕನ ಕಣ್ಣಿನಿಂದ ಕಾಣಿಸಿತ್ತು. 'ಒಂದಾನೊಂದು ಕಾಲದಲ್ಲಿ' ಚಿತ್ರದಲ್ಲಿ ಅವರು ಅದೇ ವೈರದ ವಸ್ತುವನ್ನು ಏಳುನೂರು ವರ್ಷ ಹಿಂದಕ್ಕೆ, ಹೊಯ್ಸಳರ ಕಾಲದ ಕರ್ನಾಟಕಕ್ಕೆ ಕೊಂಡೊಯ್ದರು. ಜಪಾನಿನ ನಿರ್ದೇಶಕ ಅಕಿರಾ ಕುರೋಸಾವಾ ಅವರ ಸಮುರಾಯ್ ಚಿತ್ರಗಳಿಗೆ ಇದು ಕನ್ನಡದ ಗೌರವಾರ್ಪಣೆ ಎಂದೇ ಪರಿಗಣಿತವಾಗಿದೆ. ಕುರೋಸಾವಾರ 'ಸೆವೆನ್ ಸಮುರಾಯ್' ತೆರೆಕಂಡದ್ದು ಶಂಕರ್ ನಾಗ್ ಹುಟ್ಟಿದ 1954ರಲ್ಲಿಯೇ ಎಂಬುದು ಕಾಕತಾಳೀಯ.

ಚಿತ್ರದ ನಾಯಕ ಗಂಡುಗಲಿ ರಾಜಕುಮಾರನಲ್ಲ, ದೇಶಭಕ್ತನೂ ಅಲ್ಲ. ಕತ್ತಿಯೊಂದೇ ಆಸ್ತಿಯಾಗಿರುವ, ಸಂಬಳ ಕೊಟ್ಟವರ ಪರವಾಗಿ ಕಾದುವ ಅಲೆಮಾರಿ ಯುವಕ. ಪರಸ್ಪರ ಹಗೆ ಸಾಧಿಸುತ್ತಿರುವ ಸಹೋದರ ಪಾಳೆಯಗಾರರಲ್ಲಿ ಒಬ್ಬನ ಆಶ್ರಯಕ್ಕೆ ಅವನು ಸೇರುತ್ತಾನೆ. ಎದುರು ಪಾಳೆಯದಲ್ಲಿ ಇರುವವನು ಪೆರ್ಮಾಡಿ ಎಂಬ ಅನುಭವಿ ದಳಪತಿ. ಈ ಪಾತ್ರವನ್ನು ಸುಂದರ್ ಕೃಷ್ಣ ಅರಸ್ ನಿರ್ವಹಿಸಿದರು. ಯಜಮಾನರಿಗಾಗಿ ಪ್ರಾಣ ಪಣಕ್ಕಿಟ್ಟ ಇವರಿಬ್ಬರೂ ಕೊನೆಗೆ ಆ ಯಜಮಾನರಿಂದಲೇ ವಂಚಿತರಾಗುತ್ತಾರೆ. ಹಗೆಗಳಾಗಿದ್ದವರು ಜೊತೆಗಾರರಾಗುವುದು ಆಗ. ಯೌವನದ ಹುಮ್ಮಸ್ಸಿನಲ್ಲಿ ಕತ್ತಿ ಬೀಸುವವನು ತನ್ನ ಕತ್ತಿ ಯಾರಿಗೆ ಉಪಯೋಗವಾಗುತ್ತಿದೆ ಎಂದು ತಿಳಿದುಕೊಳ್ಳುವ ಹೊತ್ತಿಗೆ ಹುಡುಗತನ ಮುಗಿದಿರುತ್ತದೆ. ಚಿತ್ರದ ತಿರುಳು ಇಷ್ಟೇ. ಪೌರಾಣಿಕ ಹಾಗೂ ಐತಿಹಾಸಿಕ ಚಿತ್ರಗಳ ಕಿರೀಟ, ಜರತಾರಿ, ದೀರ್ಘ ಸಂಭಾಷಣೆಗಳಿಗೆ ಒಗ್ಗಿಹೋಗಿದ್ದ ಕನ್ನಡ ಪ್ರೇಕ್ಷಕರಿಗೆ ಇಲ್ಲಿನ ಯೋಧರ ಸರಳ ಉಡುಪು, ಬಯಲಿನ ಕಾಳಗ, ಮಿತವಾದ ಮಾತು ಹೊಸದಾಗಿದ್ದವು.

ಶಂಕರ್ ನಾಗ್ ಅವರಿಗೆ ಆಗ ಇಪ್ಪತ್ತಮೂರು, ಇಪ್ಪತ್ತನಾಲ್ಕರ ಪ್ರಾಯ. ಪಾತ್ರಕ್ಕೂ ನಟನಿಗೂ ವಯಸ್ಸಿನಲ್ಲಿ ಅಂತರವಿಲ್ಲದಿದ್ದುದು ಚಿತ್ರಕ್ಕೆ ಲಾಭವಾಯಿತು. ಅವರ ಕಣ್ಣುಗಳ ಚುರುಕು, ದೇಹದ ನೇರ ನಿಲುವು, ನಗೆಯಲ್ಲಿನ ತುಂಟತನ ಗಂಡುಗಲಿಯನ್ನು ಸಾಹಸಿಯಷ್ಟೇ ಅಲ್ಲದೆ ಇನ್ನೂ ಲೋಕವನ್ನು ಅರಿಯದ ತರುಣನನ್ನಾಗಿಯೂ ತೋರಿಸಿದವು. ಜಿ. ಎನ್. ಲಕ್ಷ್ಮೀಪತಿ ನಿರ್ಮಿಸಿದ ಈ ಚಿತ್ರಕ್ಕೆ ಎ. ಕೆ. ಬೀರ್ ಅವರ ಛಾಯಾಗ್ರಹಣ ಮತ್ತು ಭಾಸ್ಕರ ಚಂದಾವರ್ಕರ್ ಅವರ ಸಂಗೀತವಿತ್ತು. 1978ನೇ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ದೊರೆಯಿತು. 1979ರಲ್ಲಿ ನಡೆದ ಭಾರತದ ಏಳನೆಯ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶಂಕರ್ ನಾಗ್ ಅತ್ಯುತ್ತಮ ನಟರೆಂದು ರಜತ ಮಯೂರ ಪ್ರಶಸ್ತಿ ಪಡೆದರು. ಮೊದಲ ಪ್ರಮುಖ ಪಾತ್ರಕ್ಕೇ ಅಂತರರಾಷ್ಟ್ರೀಯ ಮನ್ನಣೆ ಲಭಿಸುವುದು ಯಾವ ಭಾಷೆಯ ನಟನಿಗೂ ಅಪರೂಪವೇ.

ಜನಪ್ರಿಯ ನಾಯಕ

ಈ ಮನ್ನಣೆಯ ಬೆನ್ನಲ್ಲೇ ವ್ಯಾಪಾರಿ ಚಿತ್ರರಂಗ ಅವರನ್ನು ಕೈಬೀಸಿ ಕರೆಯಿತು. 'ಸೀತಾರಾಮು', 'ಪ್ರೀತಿ ಮಾಡು ತಮಾಷೆ ನೋಡು' (1979), 'ಆಟೋ ರಾಜ' (1980) ಚಿತ್ರಗಳು ಅವರನ್ನು ಮನೆಮಾತಾಗಿಸಿದವು. ಹೊಡೆದಾಟದ ಚಿತ್ರಗಳ ಸರಣಿಯಿಂದ ಅಭಿಮಾನಿಗಳಲ್ಲಿ ಕರಾಟೆ ಕಿಂಗ್ ಎಂಬ ಬಿರುದೂ ನಿಂತಿತು. ನಿರ್ಮಾಪಕರು ಗಂಡುಗಲಿಯಿಂದ ಎತ್ತಿಕೊಂಡದ್ದು ಅವನ ಮುಷ್ಟಿಯನ್ನು ಮಾತ್ರ. ಅವನ ಸಂದೇಹ, ದಿಗ್ಭ್ರಮೆಗಳಿಗೆ ಈ ಚಿತ್ರಗಳಲ್ಲಿ ಹೆಚ್ಚು ಎಡೆಯಿರಲಿಲ್ಲ. ಅವುಗಳಲ್ಲಿ ಹಲವು ಇಂದು ನೆನಪಿನಿಂದ ಮರೆಯಾಗಿವೆ. ಆದರೂ 'ಆಟೋ ರಾಜ'ನ ಪ್ರಭಾವ ಬೇರೆಯದೇ. ದುಡಿಯುವ ಚಾಲಕನನ್ನು ನಾಯಕನನ್ನಾಗಿಸಿದ ಆ ಚಿತ್ರದಿಂದಾಗಿ ಆಟೋರಿಕ್ಷಾ ಚಾಲಕರು ಅವರನ್ನು ತಮ್ಮವರೆಂದು ಭಾವಿಸಿದರು. ಅವರು ತೀರಿಕೊಂಡು ದಶಕಗಳು ಕಳೆದರೂ ರಾಜ್ಯದ ಅನೇಕ ಊರುಗಳ ಆಟೋಗಳ ಮೇಲೆ ಅವರ ಚಿತ್ರ ಉಳಿದಿದೆ. ಆಟೋ ನಿಲ್ದಾಣಗಳಿಗೆ ಅವರ ಹೆಸರಿದೆ. 'ಸಾಂಗ್ಲಿಯಾನ' (1988) ಚಿತ್ರದ ಪೊಲೀಸ್ ಅಧಿಕಾರಿಯ ಪಾತ್ರವೂ ಅಷ್ಟೇ ಜನಪ್ರಿಯ.

ನಿರ್ದೇಶಕರಾಗಿ

ಜನಪ್ರಿಯ ಚಿತ್ರಗಳಲ್ಲಿ ಬಿಡುವಿಲ್ಲದೆ ನಟಿಸುತ್ತಿದ್ದಾಗಲೇ ಶಂಕರ್ ನಾಗ್ ತಮ್ಮ ಮನಸ್ಸಿಗೆ ಒಪ್ಪುವ ಕೆಲಸವನ್ನು ನಿರ್ದೇಶನದಲ್ಲಿ ಕಂಡುಕೊಂಡರು. ಮೊದಲ ಚಿತ್ರ 'ಮಿಂಚಿನ ಓಟ' (1980). ವಾಹನ ಕಳ್ಳರ ಕಥೆಯಾದ ಇದರಲ್ಲಿ ಅನಂತ್ ನಾಗ್, ಲೋಕನಾಥ್, ಪ್ರಿಯಾ ತೆಂಡೂಲ್ಕರ್ ಅವರೊಂದಿಗೆ ತಾವೂ ನಟಿಸಿದರು. ದಿಕ್ಕುತಪ್ಪಿದ ಯುವಕರನ್ನು ಖಳರನ್ನಾಗಿಯಾಗಲಿ ಸಂತರನ್ನಾಗಿಯಾಗಲಿ ಮಾಡದೆ ಚಿತ್ರಿಸಿದ ಈ ಚಿತ್ರಕ್ಕೆ ಅತ್ಯುತ್ತಮ ಚಿತ್ರವೂ ಸೇರಿ ಏಳು ರಾಜ್ಯಪ್ರಶಸ್ತಿಗಳು ಸಂದವು. 'ಜನ್ಮ ಜನ್ಮದ ಅನುಬಂಧ', 'ಗೀತಾ' (1981), 'ನೋಡಿ ಸ್ವಾಮಿ ನಾವಿರೋದು ಹೀಗೆ' ಮುಂತಾದವು ನಂತರ ಬಂದವು. ಕಾಲುದಾರಿಯಲ್ಲಿ ಮಲಗಿದ್ದವರ ಮೇಲೆ ಕಾರು ಹರಿಸಿದ ರಾಜಕಾರಣಿಯ ಮಗನ ಪ್ರಕರಣವನ್ನು ಹೇಳುವ 'ಆಕ್ಸಿಡೆಂಟ್' ಸಾಮಾಜಿಕ ಸಮಸ್ಯೆಯ ಕುರಿತ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಗಳಿಸಿತು. ಜಾನ್ ಸ್ಟೈನ್‌ಬೆಕ್‌ರ 'ದಿ ಪರ್ಲ್' ಕಿರುಕಾದಂಬರಿಯ ಆಧಾರದಿಂದ ಡಾ. ರಾಜ್‌ಕುಮಾರ್ ಅವರಿಗಾಗಿ 'ಒಂದು ಮುತ್ತಿನ ಕಥೆ' (1987) ನಿರ್ದೇಶಿಸಿದರು.

1986ರಲ್ಲಿ ಪ್ರಸಾರ ಆರಂಭಿಸಿದ 'ಮಾಲ್ಗುಡಿ ಡೇಸ್' ಅವರ ಕೃತಿಗಳಲ್ಲಿ ಅತಿ ಹೆಚ್ಚು ಜನರನ್ನು ತಲುಪಿದುದು. ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ, ಟಿ. ಎಸ್. ನರಸಿಂಹನ್ ಅವರ ನಿರ್ಮಾಣದಲ್ಲಿ, ಮಳೆನಾಡಿನ ಆಗುಂಬೆಯನ್ನೇ ಮಾಲ್ಗುಡಿಯನ್ನಾಗಿ ಮಾಡಿ ಚಿತ್ರೀಕರಿಸಲಾಯಿತು. ಎಲ್. ವೈದ್ಯನಾಥನ್ ಸಂಗೀತ ನೀಡಿದರು. ಸ್ವಾಮಿಯ ಪಾತ್ರದಲ್ಲಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ ಕಾರ್ನಾಡ್ ಕಾಣಿಸಿಕೊಂಡರು. ಗಂಡುಗಲಿಯನ್ನು ರೂಪಿಸಿದ ನಿರ್ದೇಶಕರಿಗೆ ಈ ಬಾರಿ ಶಂಕರ್ ನಾಗ್ ನಿರ್ದೇಶನ ನೀಡಿದರು. ಶಾಲೆಯ ಬೆತ್ತ, ಗೆಳೆಯರ ಜಗಳ, ಕ್ರಿಕೆಟ್ ಪಂದ್ಯಗಳ ನಡುವೆ ಬೆಳೆಯುವ ಸ್ವಾಮಿಯ ಕಥೆಯಲ್ಲಿ ಕತ್ತಿಯಿಲ್ಲ, ರಕ್ತವಿಲ್ಲ. ಆದರೆ ಹುಡುಗನೊಬ್ಬ ಹಿರಿಯರ ಲೋಕಕ್ಕೆ ಕಾಲಿಡುವಾಗಿನ ಅಳುಕು ಎರಡೂ ಕಡೆ ಒಂದೇ.

ಇತರ ಕಾರ್ಯಗಳು

ಚಿತ್ರಗಳಲ್ಲಿ ಎಷ್ಟೇ ನಿರತರಾಗಿದ್ದರೂ ಅವರು ನಾಟಕವನ್ನು ಬಿಡಲಿಲ್ಲ. ತಮ್ಮ ಸಂಕೇತ್ ತಂಡದ ಮೂಲಕ 'ಅಂಜುಮಲ್ಲಿಗೆ', 'ಬ್ಯಾರಿಸ್ಟರ್', 'ಸಂಧ್ಯಾಛಾಯಾ', 'ನಾಗಮಂಡಲ' ಮುಂತಾದ ನಾಟಕಗಳನ್ನು ರಂಗಕ್ಕೆ ತಂದರು. ಅಣ್ಣನೊಂದಿಗೆ ಬೆಂಗಳೂರಿನಲ್ಲಿ ಸಂಕೇತ್ ಧ್ವನಿಮುದ್ರಣ ಕೇಂದ್ರವನ್ನು ಸ್ಥಾಪಿಸಿದರು. ಬೆಂಗಳೂರಿಗೆ ಮೆಟ್ರೋ ರೈಲು, ಬಡವರಿಗೆ ಕಡಿಮೆ ಖರ್ಚಿನ ಮನೆ ಮೊದಲಾದ ಯೋಜನೆಗಳ ಬಗ್ಗೆಯೂ ಆಸಕ್ತಿ ತಳೆದಿದ್ದರು. ಜನತಾ ಪಕ್ಷದ ಪರವಾಗಿ ಚುನಾವಣಾ ಪ್ರಚಾರದಲ್ಲಿ ಭಾಗವಹಿಸಿದರು.

ನಿಧನ

ಚಂದ್ರಶೇಖರ ಕಂಬಾರರ ನಾಟಕವನ್ನು ಆಧರಿಸಿದ 'ಜೋಕುಮಾರಸ್ವಾಮಿ' ಚಿತ್ರದ ಚಿತ್ರೀಕರಣಕ್ಕೆಂದು ಲೋಕಾಪುರದ ಕಡೆಗೆ ಪ್ರಯಾಣಿಸುತ್ತಿದ್ದಾಗ, 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡು ಬಳಿ ಸಂಭವಿಸಿದ ಕಾರು ಅಪಘಾತದಲ್ಲಿ ಶಂಕರ್ ನಾಗ್ ಅಸುನೀಗಿದರು. ಜೊತೆಯಲ್ಲಿದ್ದ ಪತ್ನಿ ಮತ್ತು ಮಗಳು ಗಾಯಗೊಂಡು ಬದುಕುಳಿದರು. ಮೂವತ್ತಾರನೆಯ ಹುಟ್ಟುಹಬ್ಬಕ್ಕೆ ಇನ್ನೂ ನಲವತ್ತು ದಿನಗಳಿದ್ದವು.

ಅನಂತ್ ನಾಗ್ ಅವರು ತಮ್ಮನ ಕುರಿತು 'ನನ್ನ ತಮ್ಮ ಶಂಕರ' ಎಂಬ ಪುಸ್ತಕ ಬರೆದಿದ್ದಾರೆ. ಅರುಂಧತಿ ನಾಗ್ ಅವರ ಹಲವು ವರ್ಷಗಳ ಪ್ರಯತ್ನದಿಂದ ಬೆಂಗಳೂರಿನ ಜೆ. ಪಿ. ನಗರದಲ್ಲಿ ರಂಗಶಂಕರ ಎಂಬ ರಂಗಮಂದಿರ ನಿರ್ಮಾಣವಾಗಿ 2004ರಲ್ಲಿ ಆರಂಭಗೊಂಡಿತು. ಅಲ್ಲಿ ಕನ್ನಡವಲ್ಲದೆ ಇತರ ಭಾಷೆಗಳ ನಾಟಕಗಳೂ ನಡೆಯುತ್ತವೆ.